ಬೆಂಕಿಯಲ್ಲಿ ಬಣ್ಣ ಅರಸಿದ ವಿಲಿಯಂ ಡಿ ಮಾರ್ಗನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಲಂಡನ್ನಿನ ಲೇಟನ್ ಹೌಸ್ ಎಂಬ ಮನೆಯ ‘ಅರಬ್ ಹಾಲ್’ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ಅದಕ್ಕೆ ಉತ್ತರಿಸುವಾಗ, ಅಲ್ಲಿನ ಗೋಡೆಗಳಿಗೆ ಸಿರಿಯಾದಿಂದ ತಂದ ಹಳೆಯ ಹಂಚುಗಳನ್ನು ಹೊಂದಿಸಿ, ಕೊರತೆಬಿದ್ದ ಕಡೆ ಅವಕ್ಕೆ ಸರಿಸಾಟಿಯಾದ ಹಂಚುಗಳನ್ನು ಹೊಸದಾಗಿ ಮಾಡಿಕೊಟ್ಟವರು ವಿಲಿಯಂ ಡಿ ಮಾರ್ಗನ್ ಎಂದು ಒಂದೇ ವಾಕ್ಯದಲ್ಲಿ ತಿಳಿಸಿದ್ದೆವು. ಆ ವಾಕ್ಯದ ಬೆನ್ನುಹಿಡಿದು ಇಷ್ಟು ಪತ್ರಗಳು ಬರುತ್ತವೆಂದು ನಿರೀಕ್ಷಿಸಿರಲಿಲ್ಲ. ಅವುಗಳಲ್ಲಿ ಒಂದೇ ವಿಷಯ ಕೇಳಿದವನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಡಿ ಮಾರ್ಗನ್ ಅವರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಗಣಿತ ಪುಸ್ತಕದ ಗಣಗಳ ಪಾಠದಲ್ಲಿ ಡಿ ಮಾರ್ಗನ್ ನಿಯಮಗಳಿವೆ. ಹಂಚು ಮಾಡಿದ ಡಿ ಮಾರ್ಗನ್ ಇವರೇನಾ?
— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಅಲ್ಲ. ನಿಯಮಗಳು ತಂದೆಯವು, ಹಂಚುಗಳು ಮಗನವು. ನೀವು ಓದುತ್ತಿರುವ ನಿಯಮಗಳನ್ನು ಕೊಟ್ಟ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ನೆರೆಯ ಮದುರೆಯಲ್ಲಿ, 1806ರಲ್ಲಿ. ಅವರ ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರು. ಇನ್ನೂ ಎಳೆಗೂಸಾಗಿದ್ದಾಗಲೇ ಆಗಸ್ಟಸ್ ಇಂಗ್ಲೆಂಡಿಗೆ ಹೋದರು. 1828ರಲ್ಲಿ, ಇಂದು ಯೂನಿವರ್ಸಿಟಿ ಕಾಲೇಜು ಎನಿಸಿಕೊಂಡಿರುವ ಲಂಡನ್ನಿನ ಸಂಸ್ಥೆಯಲ್ಲಿ ಗಣಿತದ ಮೊದಲ ಪ್ರಾಧ್ಯಾಪಕರಾದರು. ದೆಹಲಿ ಕಾಲೇಜಿನ ಅಧ್ಯಾಪಕ ರಾಮಚಂದ್ರ ಅವರು ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಕುರಿತು ಬರೆದಿದ್ದ ಪುಸ್ತಕವನ್ನು ಮೆಚ್ಚಿ, 1859ರಲ್ಲಿ ಅದು ಲಂಡನ್ನಿನಲ್ಲಿ ಮರುಮುದ್ರಣವಾಗುವಂತೆ ಮಾಡಿದವರೂ ಇವರೇ. ತನಗೆ ಒಪ್ಪಿಗೆಯಾಗದ ಧಾರ್ಮಿಕ ಪ್ರಮಾಣಕ್ಕೆ ಸಹಿ ಹಾಕಲು ಮನಸ್ಸಿಲ್ಲದೆ ಕೇಂಬ್ರಿಡ್ಜಿನಲ್ಲಿ ಸಿಗಬಹುದಾಗಿದ್ದ ಸ್ಥಾನವನ್ನು ಬಿಟ್ಟುಕೊಟ್ಟವರು ಅವರು. ತತ್ತ್ವದ ಪ್ರಶ್ನೆ ಬಂದಾಗ ಪ್ರಾಧ್ಯಾಪಕ ಹುದ್ದೆಗೂ ಎರಡು ಸಲ ರಾಜೀನಾಮೆ ಕೊಟ್ಟರು. ಲಾಭ ನಷ್ಟ ನೋಡದೆ ತಾನು ಸರಿಯೆಂದು ಕಂಡದ್ದಕ್ಕೆ ಅಂಟಿಕೊಳ್ಳುವ ಈ ಗುಣ ಮಗನಿಗೂ ಬಂದಿತ್ತು ಎಂಬುದು ಮುಂದಿನ ಉತ್ತರಗಳಲ್ಲಿ ನಿಮಗೇ ಕಾಣುತ್ತದೆ.

ಮಗ ವಿಲಿಯಂ ಹುಟ್ಟಿದ್ದು 1839ರ ನವೆಂಬರ್ 16ರಂದು, ಲಂಡನ್ನಿನ ಗೋವರ್ ಸ್ಟ್ರೀಟಿನಲ್ಲಿ. ತಾಯಿ ಸೋಫಿಯಾ ಫ್ರೆಂಡ್.

ಪ್ರಶ್ನೆ: ಗಣಿತಜ್ಞರ ಮನೆಯಲ್ಲಿ ಹುಟ್ಟಿ ಚಿತ್ರಕಲೆ ಕಲಿತವರು ಮಣ್ಣಿನ ಕೆಲಸಕ್ಕೆ ಇಳಿದದ್ದು ಹೇಗೆ? ನಮ್ಮಲ್ಲಿ ಓದಿದವರು ಕುಂಬಾರಿಕೆಗೆ ಹೋಗುವುದು ಅಪರೂಪ.
— ನಿವೃತ್ತ ಚಿತ್ರಕಲಾ ಶಿಕ್ಷಕರು, ಧಾರವಾಡ

ಉತ್ತರ: ಆ ಕಾಲದ ಇಂಗ್ಲೆಂಡಿನಲ್ಲಿಯೂ ಅದು ಅಪರೂಪವೇ ಆಗಿತ್ತು. ವಿಲಿಯಂ 1859ರಲ್ಲಿ ರಾಯಲ್ ಅಕಾಡೆಮಿಯ ಚಿತ್ರಕಲಾ ಶಾಲೆಗೆ ಸೇರಿದರು. ಆದರೆ ಅಲ್ಲಿಯ ಶಿಕ್ಷಣ ಅವರ ಮನಸ್ಸಿಗೆ ಹಿಡಿಸಲಿಲ್ಲ. 1863ರ ಸುಮಾರಿಗೆ ವಿಲಿಯಂ ಮಾರಿಸ್ ಮತ್ತು ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ಅವರ ಪರಿಚಯವಾದದ್ದೇ ಅವರ ಬದುಕಿನ ತಿರುವು. ಯಂತ್ರದಲ್ಲಿ ಅಚ್ಚುಹಾಕಿದ ಸರಕು ಮನೆಮನೆಯನ್ನು ತುಂಬುತ್ತಿದ್ದ ಆ ದಿನಗಳಲ್ಲಿ, ಕುರ್ಚಿ, ಪರದೆ, ಗೋಡೆಯ ಕಾಗದ, ಕಿಟಕಿಯ ಗಾಜು ಮೊದಲಾದ ದಿನಬಳಕೆಯ ವಸ್ತುಗಳನ್ನು ಕೈಕೆಲಸದ ಘನತೆಯಿಂದ ಮಾಡಬೇಕೆಂದು ಮಾರಿಸ್ ತಮ್ಮ ಗೆಳೆಯರೊಂದಿಗೆ ಒಂದು ಸಂಸ್ಥೆಯನ್ನೇ ಕಟ್ಟಿದ್ದರು. ಡಿ ಮಾರ್ಗನ್ ಆ ಸಂಸ್ಥೆಗೆ ಬಣ್ಣದ ಗಾಜಿನ ಕಿಟಕಿಗಳ ಮತ್ತು ಹಂಚುಗಳ ವಿನ್ಯಾಸ ಬರೆದುಕೊಡತೊಡಗಿದರು. ಫಿಟ್ಜ್‌ರಾಯ್ ಸ್ಕ್ವೇರ್‌ನ 40ನೇ ಸಂಖ್ಯೆಯ ಮನೆಯಲ್ಲಿ ತಮ್ಮದೇ ಕೆಲಸದ ಕೋಣೆಯನ್ನೂ ಮಾಡಿಕೊಂಡರು.

ಮಣ್ಣಿಗೆ ಅವರನ್ನು ಕರೆತಂದದ್ದು ಗಾಜು. ಕಿಟಕಿಯ ಗಾಜಿಗೆ ಹಳದಿ ಬಣ್ಣ ಬರಬೇಕಾದರೆ ಬೆಳ್ಳಿಯ ಸಂಯುಕ್ತವನ್ನು ಬಳಿದು ಸುಡುತ್ತಾರೆ. ಹೀಗೆ ಸುಡುವಾಗ ಕೆಲವು ಸಲ ಗಾಜಿನ ಮೇಲೆ ಹಳದಿಯ ಜೊತೆಗೆ ಕಾಮನಬಿಲ್ಲಿನಂಥ ಒಂದು ಲೋಹದ ಮಿನುಗು ಕಾಣಿಸಿಕೊಳ್ಳುವುದನ್ನು ಅವರು ಗಮನಿಸಿದರು. ಬೇರೆಯವರಾಗಿದ್ದರೆ ಹದ ಕೆಟ್ಟ ಗಾಜೆಂದು ಅದನ್ನು ಪಕ್ಕಕ್ಕಿಡುತ್ತಿದ್ದರು. ಡಿ ಮಾರ್ಗನ್ ಅವರಿಗೆ ಮಾತ್ರ ಅದು ಹಳೆಯ ಸ್ಪೇನ್ ಮತ್ತು ಇಟಲಿಯ ಹೊಳೆಯುವ ತಟ್ಟೆಗಳ ನೆನಪು ತಂದಿತು. ಗಾಜಿನ ಮೇಲೆ ಆದದ್ದು ಮಣ್ಣಿನ ಮೇಲಿನ ಗ್ಲೇಜಿನಲ್ಲೂ (ಸುಟ್ಟಾಗ ಗಾಜಿನಂತಾಗುವ ಲೇಪದಲ್ಲೂ) ಏಕೆ ಆಗಬಾರದು ಎಂದು ಅವರು ಪ್ರಯೋಗಕ್ಕಿಳಿದರು. ಮನೆಯಲ್ಲಿಯೇ ಭಟ್ಟಿ ಕಟ್ಟಿ, ಅದರ ಹೊಗೆಯನ್ನು ಮನೆಯ ಚಿಮಣಿಗೆ ಸೇರಿಸಿದ್ದರು. 1872ರಲ್ಲಿ ಅಲ್ಲಿಂದ ಬೆಂಕಿ ಹತ್ತಿ ಮನೆಯ ಛಾವಣಿ ಸುಟ್ಟುಹೋಯಿತು. ಆ ಮನೆ ಬಿಡಬೇಕಾಯಿತು.

ಅದೇ ವರ್ಷ ಚೆಲ್ಸಿಯಾದ ಚೇನ್ ರೋ ಎಂಬ ಬೀದಿಗೆ ಬಂದು ನೆಲೆಸಿದರು. ಗಾಜಿನ ಕೆಲಸ ಅಲ್ಲಿಗೆ ನಿಂತು ಪೂರ್ತಿಯಾಗಿ ಹಂಚು ಮತ್ತು ಪಾತ್ರೆಗಳ ಕೆಲಸ ಆರಂಭವಾದದ್ದು ಅಲ್ಲಿಯೇ. ಆಗ ಅವರಿಗೆ 33ರ ಹತ್ತಿರದ ವಯಸ್ಸು. ಕುಲಕಸುಬಾಗಿ ಕಲಿತ ಕುಂಬಾರರಿಗೆ ಬಾಲ್ಯದಲ್ಲೇ ಕೈಗೆ ಬರುವ ಮಣ್ಣಿನ ಹದ, ಬೆಂಕಿಯ ಹದ ಎರಡನ್ನೂ ಅವರು ಆ ವಯಸ್ಸಿನಲ್ಲಿ, ಹೇಳಿಕೊಡುವವರಿಲ್ಲದೆ, ಒಡೆದ ಹಂಚುಗಳಿಂದಲೇ ಕಲಿತರು. ಪ್ರತಿಯೊಂದು ಗ್ಲೇಜನ್ನೂ ಪ್ರಯೋಗಶಾಲೆಯವರ ಹಾಗೆ ಅಳೆದು ತೂಗಿ ಪರೀಕ್ಷಿಸುವ ಶಿಸ್ತು ಅವರಿಗೆ ತಂದೆಯ ಮನೆಯಿಂದ ಬಂದದ್ದೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಲೋಹದಂತೆ ಹೊಳೆಯುವ ಆ ಕೆಂಪು ಬಣ್ಣವನ್ನು, ಅಂದರೆ ಲಸ್ಟರ್ ಕೆಲಸವನ್ನು, ಅವರು ಹೇಗೆ ಮಾಡುತ್ತಿದ್ದರು? ಸ್ವಲ್ಪ ವಿವರವಾಗಿ ತಿಳಿಸಿ.
— ಮಣ್ಣಿನ ಕೆಲಸ ಕಲಿಯುತ್ತಿರುವ ಯುವಕ, ಖಾನಾಪುರ

ಉತ್ತರ: ಕೆಲಸ ಕಲಿಯುತ್ತಿರುವವರೇ ಕೇಳಿದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ಲಸ್ಟರ್ ಹಂಚು ಭಟ್ಟಿಯನ್ನು ಮೂರು ಸಲ ಕಾಣಬೇಕು. ಮೊದಲನೆಯ ಸಲ ಹಸಿ ಮಣ್ಣು ಗಟ್ಟಿಯಾಗುತ್ತದೆ. ಎರಡನೆಯ ಸಲ ಅದರ ಮೇಲೆ ಗ್ಲೇಜ್ ಕರಗಿ ಕೂರುತ್ತದೆ. ಸಾಮಾನ್ಯವಾಗಿ ಇದು ತವರದ ಆಕ್ಸೈಡ್ ಬೆರೆಸಿದ, ಹಾಲಿನಂತೆ ಬಿಳುಪಾದ ಗ್ಲೇಜ್. ಇಲ್ಲಿಯವರೆಗಿನ ಕೆಲಸ ನಿಮಗೆ ಗೊತ್ತಿರುವುದೇ. ಲಸ್ಟರಿನ ನಿಜವಾದ ಪರೀಕ್ಷೆ ಇರುವುದು ಮೂರನೆಯ ಸಲದಲ್ಲಿ.

ಸುಟ್ಟು ತಣಿದ ಗ್ಲೇಜಿನ ಮೇಲೆ ತಾಮ್ರದ ಅಥವಾ ಬೆಳ್ಳಿಯ ಸಂಯುಕ್ತವನ್ನು ನುಣ್ಣನೆಯ ಜೇಡಿಯೊಂದಿಗೆ ಕಲಸಿ, ಗೋಂದು ಸೇರಿಸಿ, ಕುಂಚದಿಂದ ಚಿತ್ರ ಬರೆಯುತ್ತಾರೆ. ಈ ಹಂತದಲ್ಲಿ ಹಂಚನ್ನು ನೋಡಿದರೆ ಮಂಕಾದ ಮಣ್ಣುಬಣ್ಣದ ಗೀಟುಗಳ ಹೊರತು ಮತ್ತೇನೂ ಕಾಣುವುದಿಲ್ಲ. ಆಮೇಲೆ ಗ್ಲೇಜ್ ಪೂರ್ತಿ ಕರಗದೆ ಬರಿದೇ ಮೆದುವಾಗುವಷ್ಟು, ಅಂದರೆ ಭಟ್ಟಿಯ ಒಳಗು ಮಸುಕಾದ ಕೆಂಪಿಗೆ ತಿರುಗುವಷ್ಟು, ಕಾವು ಕೊಟ್ಟು, ಗಾಳಿಯ ದಾರಿಯನ್ನು ಕಟ್ಟಿ, ಒಳಗೆ ಹೊಗೆ ತುಂಬುವಂತೆ ಮಾಡಬೇಕು. ಗಾಳಿ ಸಾಲದ ಆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ತನಗೆ ಬೇಕಾದ ಆಮ್ಲಜನಕವನ್ನು ತಾಮ್ರದ ಆಕ್ಸೈಡಿನಿಂದ ಕಿತ್ತುಕೊಳ್ಳುತ್ತದೆ. ಉಳಿದ ತಾಮ್ರ ಅತ್ಯಂತ ತೆಳುವಾದ ಪದರವಾಗಿ ಗ್ಲೇಜಿನ ಮೈಯಲ್ಲಿ ನಿಲ್ಲುತ್ತದೆ. ಭಟ್ಟಿ ತಣಿದ ಮೇಲೆ ಹಂಚನ್ನು ಹೊರತೆಗೆದು, ಮೇಲೆ ಉಳಿದಿರುವ ಸುಟ್ಟ ಜೇಡಿಯನ್ನು ಬಟ್ಟೆಯಿಂದ ಒರೆಸಿದಾಗ ಅದರಡಿಯಿಂದ ಹೊಳಪು ಏಳುತ್ತದೆ. ತಾಮ್ರವಾದರೆ ಮಾಣಿಕ್ಯದ ಕೆಂಪು. ಬೆಳ್ಳಿಯಾದರೆ ಹೊಂಬಣ್ಣದ ಹಳದಿ. ಬೆಳಕು ಬೀಳುವ ಕೋನ ಬದಲಾದ ಹಾಗೆ ಅದೇ ಕೆಂಪು ನೇರಳೆಗೂ ಚಿನ್ನದ ಬಣ್ಣಕ್ಕೂ ತಿರುಗುವುದು ಆ ಪದರ ಅಷ್ಟು ತೆಳುವಾಗಿರುವುದರಿಂದಲೇ.

ಹೊಗೆಯಿಂದ ಬಣ್ಣ ಬದಲಿಸುವುದು ನಮ್ಮ ಕುಂಬಾರರಿಗೂ ಹೊಸತಲ್ಲ. ಮಡಕೆ ಕಪ್ಪಾಗಬೇಕೆಂದಾಗ ಆವಿಗೆಯ ಬಾಯಿ ಮುಚ್ಚಿ ಹೊಗೆಯನ್ನು ಒಳಗೇ ಕಟ್ಟಿಹಾಕುವುದನ್ನು ನೀವು ನೋಡಿರುತ್ತೀರಿ. ಆಮ್ಲಜನಕವನ್ನು ಕಸಿಯುವ ತತ್ತ್ವ ಅಲ್ಲಿಯೂ ಇದೆ. ವ್ಯತ್ಯಾಸವಿರುವುದು ಹದದಲ್ಲಿ: ಲಸ್ಟರಿಗೆ ಹೊಗೆ ಕಡಿಮೆಯಾದರೆ ಬಣ್ಣವೇ ಹುಟ್ಟುವುದಿಲ್ಲ, ಹೆಚ್ಚಾದರೆ ಗ್ಲೇಜ್ ಹೊಗೆ ಕುಡಿದು ಕಪ್ಪಾಗುತ್ತದೆ, ಕಾವು ತುಸು ಏರಿದರೂ ಒರೆಸಿದಾಗ ಹೋಗದ ಹಾಗೆ ಜೇಡಿ ಗ್ಲೇಜಿಗೆ ಅಂಟಿಕೊಳ್ಳುತ್ತದೆ. ಒಂದೇ ಭಟ್ಟಿಯಲ್ಲಿ ಅಕ್ಕಪಕ್ಕ ಇಟ್ಟ ಎರಡು ತಟ್ಟೆಗಳು ಬೇರೆ ಬೇರೆಯಾಗಿ ಬರುವುದುಂಟು. ಡಿ ಮಾರ್ಗನ್ ಅವರ ಕೆಲಸದ ಮನೆಯಲ್ಲಿ ಈ ಭಟ್ಟಿಗಳ ಉಸ್ತುವಾರಿ ಹೊತ್ತಿದ್ದವರು ಫ್ರಾಂಕ್ ಐಲ್ಸ್. ನಡುನಡುವೆ ಪರೀಕ್ಷೆಯ ಚೂರುಗಳನ್ನು ಹೊರಗೆಳೆದು ನೋಡಿ, ಹೊಗೆ ನಿಲ್ಲಿಸುವ ಗಳಿಗೆಯನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಕಾಗಿದ್ದ ಕೆಲಸ ಅದು.

ಈ ಕಲೆ ಒಂಬತ್ತನೆಯ ಶತಮಾನದ ಇರಾಕಿನಲ್ಲಿ ಮೊಳೆತು, ಈಜಿಪ್ಟ್, ಪರ್ಷಿಯಾ, ಸ್ಪೇನ್‌ಗಳನ್ನು ದಾಟಿ ಇಟಲಿಯ ಗುಬ್ಬಿಯೊ, ಡೆರುಟಾ ಪಟ್ಟಣಗಳಿಗೆ ಬಂದಿತ್ತು. ತಾವು ವರ್ಷಗಟ್ಟಲೆ ಸುಟ್ಟು ಕೆಡಿಸಿ ಕಲಿತದ್ದನ್ನು ಡಿ ಮಾರ್ಗನ್ ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. 1892ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಲಸ್ಟರ್ ಕುರಿತು ಪ್ರಬಂಧ ಓದಿ, ವಿಧಾನವನ್ನು ಎಲ್ಲರ ಮುಂದೆ ಬಿಚ್ಚಿಟ್ಟರು. ಕಸುಬಿನ ಗುಟ್ಟನ್ನು ಮನೆತನದ ಆಸ್ತಿಯೆಂದು ಬಚ್ಚಿಡುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಇರುವಾಗ, ಅವರ ಈ ನಡೆಯನ್ನು ನಾನು ಅವರ ಅತ್ಯುತ್ತಮ ತಟ್ಟೆಗಳಷ್ಟೇ ಗೌರವದಿಂದ ಕಾಣುತ್ತೇನೆ.

ಪ್ರಶ್ನೆ: ಅವರ ನೀಲಿ ಹಂಚುಗಳ ಚಿತ್ರ ನೋಡಿದಾಗ ನಮ್ಮೂರಿನ ಮಹಮೂದ್ ಗವಾನ್ ಮದರಸಾದ ಗೋಡೆಗಳೇ ನೆನಪಾದವು. ಎರಡಕ್ಕೂ ಏನಾದರೂ ಸಂಬಂಧವಿದೆಯೇ?
— ಇತಿಹಾಸ ಉಪನ್ಯಾಸಕರು, ಬೀದರ್

ಉತ್ತರ: ನೇರವಾದ ನಂಟಿಲ್ಲ, ಆದರೆ ನಿಮ್ಮ ಕಣ್ಣು ತಪ್ಪಿಲ್ಲ. ಮಹಮೂದ್ ಗವಾನ್ ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದವನು. 1472ರಲ್ಲಿ ಮುಗಿದ ಅವನ ಮದರಸಾದ ಮುಂಭಾಗಕ್ಕೆ ಪರ್ಷಿಯಾದ ಪದ್ಧತಿಯ ನೀಲಿ, ಹಳದಿ, ಬಿಳಿ ಹಂಚುಗಳ ಅಲಂಕಾರವಿತ್ತು. ಬೀದರಿನ ರಂಗೀನ್ ಮಹಲಿನಲ್ಲಿಯೂ ಅಷ್ಟೂರಿನ ಬಹಮನಿ ಗೋರಿಯೊಂದರಲ್ಲಿಯೂ ಅಂಥದೇ ಕೆಲಸ ಇಂದಿಗೂ ಉಳಿದಿದೆ. ಅದೇ ಪರಂಪರೆಯ ಮತ್ತೊಂದು ಕವಲು ಟರ್ಕಿಯ ಇಜ್ನಿಕ್ ಮತ್ತು ಸಿರಿಯಾದ ಡಮಾಸ್ಕಸ್ ನಗರಗಳಲ್ಲಿ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಅರಳಿತು. ಡಿ ಮಾರ್ಗನ್ ಕಲಿತದ್ದು ಈ ಎರಡನೆಯ ಕವಲಿನಿಂದ.

ಕಲಿಯಲು ಅವರಿಗೆ ದೊರೆತ ದೊಡ್ಡ ಅವಕಾಶ ಅರಬ್ ಹಾಲ್. ಚಿತ್ರಕಾರ ಫ್ರೆಡರಿಕ್ ಲೇಟನ್ ಡಮಾಸ್ಕಸ್ ಮೊದಲಾದ ಕಡೆಗಳಿಂದ ಸಂಗ್ರಹಿಸಿದ್ದ ಹಂಚುಗಳಿಗಾಗಿಯೇ, ಜಾರ್ಜ್ ಐಚಿಸನ್ ಎಂಬ ವಾಸ್ತುಶಿಲ್ಪಿ 1870ರ ದಶಕದ ಕೊನೆಯಲ್ಲಿ ಆ ಸಭಾಂಗಣವನ್ನು ರೂಪಿಸಿದರು. ಹಂಚುಗಳನ್ನು ಜೋಡಿಸುವ ಹೊಣೆ ಡಿ ಮಾರ್ಗನ್ ಅವರಿಗೆ ಬಂದಾಗ, ಎಲ್ಲವೂ ಪೂರ್ತಿಯಾಗಿರಲಿಲ್ಲ. ಕೊರತೆಯ ಹಂಚನ್ನು ಮಾಡಬೇಕಾದರೆ ಹಳೆಯ ಹಂಚಿನ ಬಣ್ಣ ಏಕೆ ಹಾಗೆ ಬಂದಿದೆಯೆಂದು ಅರಿಯಬೇಕಿತ್ತು. ಉದಾಹರಣೆಗೆ, ತಾಮ್ರದ ಆಕ್ಸೈಡನ್ನು ಸೀಸದ ಗ್ಲೇಜಿಗೆ ಹಾಕಿದರೆ ಹುಲ್ಲಿನ ಹಸಿರು ಬರುತ್ತದೆ. ಅದನ್ನೇ ಸೋಡಾ, ಪೊಟ್ಯಾಷ್ ಹೆಚ್ಚಿರುವ ಕ್ಷಾರದ ಗ್ಲೇಜಿಗೆ ಹಾಕಿದರೆ ಆಗಸವನ್ನು ಹೋಲುವ ತಿಳಿನೀಲಿ ಬರುತ್ತದೆ. ಗಾಢ ನೀಲಿ ಕೋಬಾಲ್ಟಿನಿಂದ, ಕೆನ್ನೇರಳೆ ಮ್ಯಾಂಗನೀಸಿನಿಂದ. ಈ ಬಣ್ಣಗಳ ಗುಂಪಿಗೆ ಅವರ ಕೆಲಸದ ಮನೆಯಲ್ಲಿ ‘ಪರ್ಷಿಯನ್ ಬಣ್ಣ’ಗಳೆಂದೇ ಹೆಸರಾಯಿತು. ಅರಬ್ ಹಾಲ್‌ಗೆ ಹೋಗುವ ದಾರಿಯ ಗೋಡೆಗಳಿಗೆ ಹಚ್ಚಿರುವ ಚಿತ್ರವಿಲ್ಲದ ನೀಲಿ ಹಂಚುಗಳು ಪೂರ್ತಿಯಾಗಿ ಅವರವೇ.

ಅವರು ಹಳೆಯದನ್ನು ಬರಿದೇ ನಕಲು ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಪೂರ್ವದ ಟ್ಯೂಲಿಪ್, ಕಾರ್ನೇಷನ್ ಹೂಬಳ್ಳಿಗಳ ನಡುವೆ ಅವರು ತಮ್ಮದೇ ಕಲ್ಪನೆಯ ಪ್ರಾಣಿಗಳನ್ನು ತಂದರು: ಬಾಲವನ್ನು ತಾನೇ ಸುತ್ತಿಕೊಂಡ ಡ್ರ್ಯಾಗನ್, ಹಾವನ್ನು ಕಚ್ಚಿದ ಹಕ್ಕಿ, ಹಾಯಿ ಬಿಚ್ಚಿದ ಹಡಗು, ಅಲೆಗಳೊಳಗೆ ಈಜುವ ದಪ್ಪ ಕಣ್ಣಿನ ಮೀನು. ಚೌಕದ ಅಂಚಿನಲ್ಲಿ ಪ್ರಾಣಿಯ ಮೈಯನ್ನು ಎಲ್ಲಿ ಬಳುಕಿಸಬೇಕೆಂಬ ಲೆಕ್ಕದಲ್ಲಿ ಅವರನ್ನು ಮೀರಿಸಿದವರು ಆ ಕಾಲದಲ್ಲಿ ನನಗೆ ಯಾರೂ ಕಾಣುವುದಿಲ್ಲ. ನಿಮ್ಮ ಊರಿನ ಮದರಸಾ 1696ರ ಸಿಡಿಮದ್ದಿನ ಸ್ಫೋಟದಲ್ಲಿ ತನ್ನ ಮುಂಭಾಗದ ಬಹುಪಾಲನ್ನು ಕಳೆದುಕೊಂಡಿತು. ಉಳಿದಿರುವ ಹಂಚುಗಳನ್ನಾದರೂ ವಿದ್ಯಾರ್ಥಿಗಳು ಹತ್ತಿರದಿಂದ ನೋಡಿ, ಬಣ್ಣ ಬಣ್ಣವಾಗಿ ಬರೆದಿಟ್ಟುಕೊಳ್ಳುವಂತೆ ನೀವು ಮಾಡಿದರೆ ಬಹಳ ಒಳ್ಳೆಯ ಕೆಲಸವಾಗುತ್ತದೆ.

ಪ್ರಶ್ನೆ: ಇಷ್ಟು ಹೆಸರು ಮಾಡಿದವರ ಕಾರ್ಖಾನೆ ಮುಚ್ಚಿಹೋದದ್ದು ಏಕೆ? ವ್ಯಾಪಾರ ನಡೆಯುತ್ತಿರಲಿಲ್ಲವೇ?
— ಟೈಲ್ಸ್ ಅಂಗಡಿಯ ಮಾಲೀಕರು, ದಾವಣಗೆರೆ

ಉತ್ತರ: ಬೇಡಿಕೆ ಇರಲಿಲ್ಲವೆಂದು ಹೇಳುವಂತಿಲ್ಲ. ಶ್ರೀಮಂತರ ಮನೆಗಳ ಬೆಂಕಿಗೂಡಿನ ಸುತ್ತ, ಸ್ನಾನದ ಮನೆಗಳಲ್ಲಿ, ಪಡಸಾಲೆಗಳಲ್ಲಿ ಅವರ ಹಂಚುಗಳು ಕೂತವು. ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನಿಗಾಗಿ 1880ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ‘ಲಿವಾಡಿಯಾ’ ವಿಹಾರನೌಕೆಗೆ ಅವರ ಹಂಚು ಹೋಯಿತು. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಪ್ರಯಾಣಿಕರನ್ನು ಒಯ್ಯುತ್ತಿದ್ದ ಪಿ ಅಂಡ್ ಓ ಕಂಪನಿಯ ಹಲವು ಹಡಗುಗಳಿಗೆ ಊರು, ಕಡಲು, ನಾವೆಗಳ ದೊಡ್ಡ ಚಿತ್ರಫಲಕಗಳನ್ನು ಮಾಡಿಕೊಟ್ಟರು. ಆದರೂ ಕೈಯಲ್ಲಿ ಹಣ ನಿಲ್ಲಲಿಲ್ಲ.

ಅದಕ್ಕೆ ಮೊದಲ ಕಾರಣವನ್ನು ವ್ಯಾಪಾರಿಯಾದ ನೀವು ಕೂಡಲೇ ಗುರುತಿಸುತ್ತೀರಿ. ಮಿಂಟನ್‌ನಂಥ ದೊಡ್ಡ ಕಾರ್ಖಾನೆಗಳು ಒಣ ಮಣ್ಣಿನ ಪುಡಿಯನ್ನು ಯಂತ್ರದಲ್ಲಿ ಒತ್ತಿ ಹಂಚು ಮಾಡಿ, ಮೇಲೆ ಚಿತ್ರವನ್ನು ಮುದ್ರಿಸಿ ಅಗ್ಗವಾಗಿ ಮಾರುತ್ತಿದ್ದವು. ಡಿ ಮಾರ್ಗನ್ ಸಹ ಮೊದಮೊದಲು ಬೇರೆಯವರ ಬಿಳಿ ಹಂಚುಗಳನ್ನು ಕೊಂಡು ಅವುಗಳ ಮೇಲೆ ಬಣ್ಣ ಹಾಕಿಸುತ್ತಿದ್ದರು. ಆದರೆ ಹಸಿ ಮಣ್ಣನ್ನು ಕೈಯಿಂದ ತಟ್ಟಿ ಮಾಡಿದ, ಸಣ್ಣ ಗಾಳಿಯ ರಂಧ್ರಗಳಿರುವ ಹಂಚು ತೇವವನ್ನೂ ಚಳಿ ಬಿಸಿಲುಗಳ ಏರಿಳಿತವನ್ನೂ ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆಂದು ಕಂಡುಕೊಂಡ ಮೇಲೆ, ದುಬಾರಿಯಾದರೂ ಆ ದಾರಿಯನ್ನೇ ಹಿಡಿದರು.

ಚಿತ್ರ ಬರೆಯುವ ಕ್ರಮವೂ ಹಾಗೆಯೇ ನಿಧಾನದ್ದು. ಮೂಲ ವಿನ್ಯಾಸವನ್ನು ಗಾಜಿನ ಒಂದು ಬದಿಗೆ ಇಟ್ಟು, ಇನ್ನೊಂದು ಬದಿಗೆ ತೆಳುವಾದ ಕಾಗದ ಅಂಟಿಸಿ, ಬೆಳಕಿನಲ್ಲಿ ಮೂಡುವ ಗೆರೆಗಳ ಮೇಲೆ ಕೆಲಸಗಾರರು ಬಣ್ಣ ತುಂಬುತ್ತಿದ್ದರು. ಆ ಕಾಗದವನ್ನು ಬಿಳಿ ಜೇಡಿ ಬಳಿದ ಹಂಚಿನ ಮೇಲೆ ಮಲಗಿಸಿ, ಮೇಲೆ ಗ್ಲೇಜ್ ಹಾಕಿ ಭಟ್ಟಿಗಿಟ್ಟರೆ, ಕಾಗದ ಉರಿದು ಹೋಗಿ ಬಣ್ಣ ಮಾತ್ರ ಗ್ಲೇಜಿನಡಿ ನಿಲ್ಲುತ್ತಿತ್ತು. ಮುದ್ರಣದಲ್ಲಿ ಸಿಗದ ಕುಂಚದ ಓಟ ಪ್ರತಿ ಹಂಚಿನಲ್ಲಿಯೂ ಉಳಿಯುತ್ತಿತ್ತು. ಆದರೆ ಪ್ರತಿ ಹಂಚಿಗೂ ಒಬ್ಬರ ಕೈ ಬೇಕಾಗಿತ್ತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ನಾವಿಂದು ‘ಡಿ ಮಾರ್ಗನ್ ಹಂಚು’ ಎಂದು ಕರೆಯುವುದರಲ್ಲಿ ವಿನ್ಯಾಸ, ಗ್ಲೇಜ್ ಮತ್ತು ಬೆಂಕಿಯ ಶಾಸ್ತ್ರ ಅವರದು, ಬರೆದ ಕೈ ಹೆಚ್ಚಾಗಿ ಚಾರ್ಲ್ಸ್ ಪ್ಯಾಸೆಂಜರ್, ಫ್ರೆಡ್ ಪ್ಯಾಸೆಂಜರ್, ಜೋ ಜಸ್ಟರ್ ಮೊದಲಾದ ಕೆಲಸಗಾರರದು. ಅನೇಕ ತಟ್ಟೆ ಹೂಜಿಗಳ ತಳದಲ್ಲಿ ಅವರ ಹೆಸರಿನ ಮೊದಲಕ್ಷರಗಳಿವೆ. ಕೆಲಸಗಾರನಿಗೆ ತನ್ನ ಗುರುತು ಹಾಕಲು ಬಿಟ್ಟ ಯಜಮಾನ ಎಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಜಾಗ ಬದಲಿಸುತ್ತಲೇ ಇದ್ದುದೂ ನಷ್ಟಕ್ಕೆ ದಾರಿಯಾಯಿತು. 1882ರಲ್ಲಿ ಚೆಲ್ಸಿಯಾದಿಂದ ಮರ್ಟನ್ ಅಬ್ಬಿಗೆ, ಮಾರಿಸ್ ಅವರ ಕೆಲಸದ ಮನೆಯ ನೆರೆಗೆ ಹೋದರು. ಓಡಾಟ ದೂರವಾಗಿ ಆರೋಗ್ಯ ಕೆಟ್ಟಿತು. 1888ರಲ್ಲಿ ವಾಸ್ತುಶಿಲ್ಪಿ ಹಾಲ್ಸಿ ರಿಕಾರ್ಡೊ ಅವರ ಪಾಲುದಾರಿಕೆಯಲ್ಲಿ ಫುಲಮ್‌ನ ಸ್ಯಾಂಡ್ಸ್ ಎಂಡ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ಅವರ ಅತ್ಯುತ್ತಮ ಲಸ್ಟರ್ ಕೆಲಸ ಹೊರಬಂದದ್ದು ಅಲ್ಲಿಂದ. ಬೆನ್ನಿನ ಕಾಯಿಲೆಯಿಂದಾಗಿ 1890ರ ದಶಕದಿಂದ ಚಳಿಗಾಲವನ್ನು ಇಟಲಿಯ ಫ್ಲಾರೆನ್ಸಿನಲ್ಲಿ ಕಳೆಯಬೇಕಾಗಿ ಬಂದು, ಅಲ್ಲಿಂದಲೇ ವಿನ್ಯಾಸಗಳನ್ನು ಕಳಿಸುತ್ತ, ಕಾಗದ ಪತ್ರಗಳ ಮೂಲಕ ಲಂಡನ್ನಿನ ಭಟ್ಟಿಗಳನ್ನು ನಡೆಸಬೇಕಾಯಿತು. ಯಜಮಾನ ಎದುರಿಗಿಲ್ಲದ ಕಾರ್ಖಾನೆಯ ಕಷ್ಟ ನಿಮಗೆ ವಿವರಿಸಬೇಕಾಗಿಲ್ಲ. 1898ರಲ್ಲಿ ರಿಕಾರ್ಡೊ ಪಾಲುದಾರಿಕೆ ಮುಗಿಯಿತು. ಐಲ್ಸ್, ಚಾರ್ಲ್ಸ್ ಪ್ಯಾಸೆಂಜರ್, ಫ್ರೆಡ್ ಪ್ಯಾಸೆಂಜರ್ ಮೂವರೂ ಪಾಲುದಾರರಾಗಿ ಸೇರಿಕೊಂಡರು. ಅಷ್ಟರಲ್ಲಿ ಜನರ ಅಭಿರುಚಿಯೂ ಬದಲಾಗಿತ್ತು. 1907ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಬದುಕೆಲ್ಲ ಸುಂದರ ವಸ್ತುಗಳನ್ನು ಮಾಡಲು ಪ್ರಯತ್ನಿಸಿದೆ, ಈಗ ಮಾಡಲು ಬಂದಿದೆ, ಆದರೆ ಯಾರಿಗೂ ಬೇಡವಾಗಿದೆ ಎಂಬ ಅರ್ಥದ ಅವರ ಮಾತು ಆ ಸಂದರ್ಭದ್ದೆಂದು ಪ್ರಸಿದ್ಧವಾಗಿದೆ.

ಪ್ರಯೋಗಕ್ಕೆ ಮಿತಿ ಹಾಕಿಕೊಂಡು, ಬೇಡಿಕೆಯಿದ್ದ ನಾಲ್ಕಾರು ವಿನ್ಯಾಸಗಳನ್ನೇ ಮತ್ತೆ ಮತ್ತೆ ಮಾಡಿದ್ದರೆ ಅವರು ಉಳಿಯುತ್ತಿದ್ದರೇನೋ. ನನ್ನ ಮಟ್ಟಿಗೆ, ಅವರು ಹಾಗೆ ಮಾಡದಿದ್ದುದನ್ನು ತಪ್ಪೆನ್ನಲಾರೆ. ಸಂಬಳಕ್ಕಾಗಿ ಅವರನ್ನು ನಂಬಿದ್ದ ಕೆಲಸಗಾರರ ಪಾಲಿಗೆ ಆ ಹಟ ಭಾರವಾಗಿಯೇ ಇದ್ದಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಕಾರ್ಖಾನೆ ನಿಂತ ಮೇಲೆ ತಮ್ಮ ವಿನ್ಯಾಸಗಳನ್ನು ಬಳಸಲು ಅವರು ಹಳೆಯ ಪಾಲುದಾರರಿಗೆ ಬಿಟ್ಟುಕೊಟ್ಟರು; ಅವರು ಇನ್ನೂ ಕೆಲವು ವರ್ಷ ಅದರಿಂದ ಜೀವನ ನಡೆಸಿದರು.

ಪ್ರಶ್ನೆ: ಅವರ ಪತ್ನಿಯೂ ಕಲಾವಿದೆ ಎಂದು ಎಲ್ಲಿಯೋ ಓದಿದ್ದೆ. ಅವರ ಬಗ್ಗೆ ತಿಳಿಸುವಿರಾ?
— ಗೃಹಿಣಿ, ಮೈಸೂರು

ಉತ್ತರ: ಎವೆಲಿನ್ ಪಿಕರಿಂಗ್ ಅವರು 1855ರಲ್ಲಿ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದವರು. ಹೆಣ್ಣುಮಗಳು ಚಿತ್ರ ಬರೆಯುವುದನ್ನು ವೃತ್ತಿಯಾಗಿ ಹಿಡಿಯುವುದು ಮನೆಯವರಿಗೆ ಒಪ್ಪಿಗೆಯಿರದಿದ್ದರೂ, 1873ರಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆಗೆ ಸೇರಿ ಅಲ್ಲಿ ಬಹುಮಾನಗಳನ್ನು ಗಳಿಸಿದರು. 1887ರಲ್ಲಿ ವಿಲಿಯಂ ಅವರನ್ನು ಮದುವೆಯಾದಾಗ ಎವೆಲಿನ್ ಆಗಲೇ ಹೆಸರಾದ ಚಿತ್ರಕಾರ್ತಿ. ತಮ್ಮ ಚಿತ್ರಗಳಿಂದ ಬಂದ ಹಣವನ್ನೂ ತಮಗೆ ಬಂದಿದ್ದ ಆಸ್ತಿಯ ಹಣವನ್ನೂ ಅವರು ಗಂಡನ ಭಟ್ಟಿಗಳಿಗೆ ಸುರಿದರು. ಸ್ಯಾಂಡ್ಸ್ ಎಂಡ್ ಕಾರ್ಖಾನೆ ಅಷ್ಟು ವರ್ಷ ನಡೆದದ್ದರಲ್ಲಿ ಅವರ ಪಾಲು ದೊಡ್ಡದು. ಡಿ ಮಾರ್ಗನ್ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ. ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಬೇಕೆಂಬ ಬೇಡಿಕೆಗೆ ದಂಪತಿ ಇಬ್ಬರೂ ಬಹಿರಂಗವಾಗಿ ಬೆಂಬಲ ಕೊಟ್ಟಿದ್ದರು. ಎವೆಲಿನ್ ಅವರ ಚಿತ್ರಗಳಲ್ಲಿ ಬಟ್ಟೆಯ ನಿರಿಗೆಗಳು ಹೊಳೆಯುವ ರೀತಿಯನ್ನು ನೋಡಿದರೆ, ಇಬ್ಬರೂ ಬೆಳಕಿನ ಬೆನ್ನು ಹತ್ತಿದವರೇ ಎಂದು ತಿಳಿಯುತ್ತದೆ.

ಪ್ರಶ್ನೆ: ಕಾರ್ಖಾನೆ ಮುಚ್ಚಿದ ಮೇಲೆ ಅವರು ಏನು ಮಾಡಿದರು?
— ಓದುಗರು, ಶಿವಮೊಗ್ಗ ಮತ್ತು ಕಾರ್ಕಳ

ಉತ್ತರ: ಕಾದಂಬರಿಕಾರರಾದರು. ಕಾರ್ಖಾನೆ ಮುಚ್ಚುವ ಹಿಂದಿನ ವರ್ಷವೇ, 1906ರಲ್ಲಿ, 66ನೆಯ ವಯಸ್ಸಿನಲ್ಲಿ, ಅವರ ಮೊದಲ ಕಾದಂಬರಿ ‘ಜೋಸೆಫ್ ವ್ಯಾನ್ಸ್’ ಹೊರಬಂದಿತು. ಬರೆಯಲು ಆರಂಭಿಸಿ ಕೈಬಿಟ್ಟಿದ್ದ ಹಾಳೆಗಳನ್ನು ನೋಡಿ, ಮುಂದುವರಿಸುವಂತೆ ಒತ್ತಾಯಿಸಿದವರು ಎವೆಲಿನ್. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಪುಸ್ತಕ ಅಪಾರವಾಗಿ ಮಾರಾಟವಾಯಿತು. ಮಣ್ಣು ಮೂರು ದಶಕಗಳಲ್ಲಿ ಕೊಡದ ಆರ್ಥಿಕ ನೆಮ್ಮದಿಯನ್ನು ಕಾಗದ ಕೆಲವೇ ವರ್ಷಗಳಲ್ಲಿ ಕೊಟ್ಟಿತು. ಮುಂದೆ ಇನ್ನೂ ಹಲವು ಕಾದಂಬರಿಗಳು ಬಂದವು. ಇಂದು ಅವನ್ನು ಓದುವವರು ವಿರಳ. ಹಂಚುಗಳನ್ನು ಹುಡುಕಿ ಕೊಳ್ಳುವವರು ಬಹಳ.

ಮೊದಲ ಮಹಾಯುದ್ಧ ಆರಂಭವಾದ ಮೇಲೆ, ಜಲಾಂತರ್ಗಾಮಿಗಳನ್ನೂ ವಿಮಾನಗಳನ್ನೂ ಎದುರಿಸುವ ಉಪಾಯಗಳಿಗಾಗಿ ಆ ಇಳಿವಯಸ್ಸಿನಲ್ಲಿ ಮತ್ತೆ ಪ್ರಯೋಗಗಳಿಗೆ ಕೈಹಾಕಿದ್ದರು. 1917ರ ಜನವರಿ 15ರಂದು ಲಂಡನ್ನಿನಲ್ಲಿ ಜ್ವರದಿಂದ ತೀರಿಕೊಂಡರು. ಬ್ರುಕ್‌ವುಡ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲನ್ನು ರೂಪಿಸಿದವರು ಎವೆಲಿನ್. 1919ರಲ್ಲಿ ಅವರನ್ನೂ ಅಲ್ಲಿಯೇ ಸಮಾಧಿ ಮಾಡಲಾಯಿತು.

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಮುಂದಿನ ಬೇಸಿಗೆಗೆ ಅಲ್ಲಿಗೆ ಹೋಗುವವರಿದ್ದೇವೆ. ಅವರ ಕೆಲಸವನ್ನು ಎಲ್ಲಿ ನೋಡಬಹುದು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಕೆನ್ಸಿಂಗ್ಟನ್ ಭಾಗದಲ್ಲಿರುವ ಲೇಟನ್ ಹೌಸ್‌ನಿಂದ ಆರಂಭಿಸಿ. ಹಳೆಯ ಡಮಾಸ್ಕಸ್ ಹಂಚುಗಳ ಪಕ್ಕದಲ್ಲಿಯೇ ಅವರ ಹಂಚುಗಳನ್ನು ಹೋಲಿಸಿ ನೋಡುವ ಅವಕಾಶ ಬೇರೆಲ್ಲಿಯೂ ಇಲ್ಲ. ಅಲ್ಲಿಂದ ದೂರವಿಲ್ಲದ ಆಡಿಸನ್ ರೋಡ್‌ನ 8ನೆಯ ಸಂಖ್ಯೆಯ ಡೆಬನ್‌ಹ್ಯಾಮ್ ಹೌಸನ್ನು 1905ರಿಂದ 1907ರ ನಡುವೆ ಹಾಲ್ಸಿ ರಿಕಾರ್ಡೊ ರೂಪಿಸಿ ಕಟ್ಟಿದರು. ಕಾರ್ಖಾನೆಯಲ್ಲಿ ಉಳಿದಿದ್ದ ಹಂಚುಗಳು ಅದರೊಳಗೆ ಸೇರಿವೆ. ಒಳಗೆ ಪ್ರವೇಶ ಸುಲಭವಲ್ಲ, ಆದರೆ ನೀಲಿ ಹಸಿರು ಇಟ್ಟಿಗೆಗಳ ಅದರ ಹೊರಗೋಡೆಯನ್ನು ರಸ್ತೆಯಿಂದಲೇ ನೋಡಬಹುದು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಹಂಚುಗಳ ಜೊತೆಗೆ ಅವರ ಮೂಲ ರೇಖಾಚಿತ್ರಗಳ ದೊಡ್ಡ ಸಂಗ್ರಹವೂ ಇದೆ. ವಾಲ್ಥಮ್‌ಸ್ಟೋದ ವಿಲಿಯಂ ಮಾರಿಸ್ ಗ್ಯಾಲರಿಗೂ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. ಎವೆಲಿನ್ ಅವರ ತಂಗಿ ವಿಲ್ಹೆಲ್ಮಿನಾ ಸ್ಟರ್ಲಿಂಗ್ ಜೀವಮಾನವಿಡೀ ಕೂಡಿಸಿಟ್ಟ ದಂಪತಿಯ ಕೃತಿಗಳು ಈಗ ಡಿ ಮಾರ್ಗನ್ ಫೌಂಡೇಶನ್ನಿನ ವಶದಲ್ಲಿವೆ. ಲಂಡನ್ನಿನಿಂದ ಹೊರಗೆ ಹೋಗುವುದಾದರೆ ಬಾರ್ನ್ಸ್‌ಲಿಯ ಕ್ಯಾನನ್ ಹಾಲ್ ಮತ್ತು ವುಲ್ವರ್‌ಹ್ಯಾಂಪ್ಟನ್ ಬಳಿಯ ವೈಟಿಕ್ ಮ್ಯಾನರ್ ಎಂಬ ದೊಡ್ಡ ಬಂಗಲೆಗಳಲ್ಲಿ ಅವುಗಳ ಪ್ರದರ್ಶನವನ್ನು ವಿಚಾರಿಸಿ. ಹೊರಡುವ ಮೊದಲು ಆಯಾ ಸ್ಥಳದ ತೆರೆದಿರುವ ದಿನಗಳನ್ನು ಮಗಳಿಂದ ಖಚಿತಪಡಿಸಿಕೊಳ್ಳಿ. ಲಸ್ಟರ್ ತಟ್ಟೆಯ ಮುಂದೆ ನಿಂತಾಗ ಒಂದೇ ಕಡೆಯಿಂದ ನೋಡಿ ಮುಂದೆ ಹೋಗದೆ, ಎಡಕ್ಕೂ ಬಲಕ್ಕೂ ಎರಡು ಹೆಜ್ಜೆ ಸರಿದು ನೋಡಿ. ಬಣ್ಣ ಬದಲಾಗುವುದು ಆಗಲೇ.